ದಂತ ಸ್ಕ್ಯಾನ್ ಚಿತ್ರ ಕೆಟ್ಟಾಗ ಕಾರಣ ಹುಡುಕುವ ಬಗೆ: ಸಿಬಿಸಿಟಿ ಯಂತ್ರ ಮತ್ತು ಬಾಯೊಳಗಿನ ಸ್ಕ್ಯಾನರ್

ಹಾವೇರಿ, ಗದಗ ಜಿಲ್ಲೆಗಳ ಹಲವು ಊರುಗಳ ರೋಗಿಗಳು ದವಡೆಯ ಮೂರು ಆಯಾಮದ ಸ್ಕ್ಯಾನ್ (ಸಿಬಿಸಿಟಿ, ಅಂದರೆ ಶಂಕುವಿನಾಕಾರದ ಎಕ್ಸ್-ರೇ ಕಿರಣ ತಲೆಯ ಸುತ್ತ ತಿರುಗಿ ತೆಗೆಯುವ ಚಿತ್ರ) ಮಾಡಿಸಿಕೊಳ್ಳಲು ಹುಬ್ಬಳ್ಳಿ-ಧಾರವಾಡದವರೆಗೆ ಬರುತ್ತಾರೆ. ಗದಗಿನಿಂದ ಸುಮಾರು 60 ಕಿಲೋಮೀಟರ್, ರಾಣೆಬೆನ್ನೂರಿನಿಂದ ನೂರರ ಆಸುಪಾಸು. ಹೋದ ಒಂದು ದಿನದ ಕೂಲಿ, ಬಸ್ ಚಾರ್ಜು, ಜತೆಗೆ ಬಂದವರ ಖರ್ಚು ಇವೆಲ್ಲ ಸ್ಕ್ಯಾನಿನ ಶುಲ್ಕದ ಮೇಲೆ ಬೀಳುವ ಬೇರೆಯದೇ ಹೊರೆ. ಅಂಥವರಿಗೆ ‘ಚಿತ್ರ ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ತೆಗೆಯೋಣ’ ಎಂದು ಹೇಳುವುದು ಸುಲಭ. ಆದರೆ ಆ ಇನ್ನೊಮ್ಮೆಯೊಂದಿಗೆ ಅವರ ತಲೆಗೆ ಎರಡನೆಯ ಸಲ ವಿಕಿರಣ ಬೀಳುತ್ತದೆ, ಮತ್ತು ಕಾರಣ ತಿಳಿಯದೆ ತೆಗೆದ ಎರಡನೆಯ ಚಿತ್ರವೂ ಮೊದಲನೆಯದರಂತೆಯೇ ಕೆಡುವ ಸಂಭವ ಹೆಚ್ಚು. ಕೆಟ್ಟ ಚಿತ್ರವನ್ನು ಅಳಿಸುವ ಮೊದಲು ಅದನ್ನು ಗಮನವಿಟ್ಟು ನೋಡಿದರೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಅದರಲ್ಲೇ ಸಿಗುತ್ತದೆ ಎಂಬುದೇ ಈ ಬರಹದ ಮುಖ್ಯ ವಿಷಯ. ಸ್ವಂತ ಯಂತ್ರವಿರುವ ದಂತವೈದ್ಯರು, ಸ್ಕ್ಯಾನ್ ಕೇಂದ್ರದ ತಂತ್ರಜ್ಞರು ಮತ್ತು ಕ್ಲಿನಿಕ್ಕಿನ ಸಹಾಯಕರು ಇದನ್ನು ಯಂತ್ರದ ಪಕ್ಕದಲ್ಲಿಟ್ಟುಕೊಂಡು ಓದಲಿ ಎಂಬುದು ನನ್ನ ಆಶಯ.

## ಮುಟ್ಟುವ ಮೊದಲು

ಸಿಬಿಸಿಟಿ ಯಂತ್ರದ ಎಕ್ಸ್-ರೇ ಟ್ಯೂಬು ಸಾಮಾನ್ಯವಾಗಿ 60ರಿಂದ 120 ಕಿಲೋವೋಲ್ಟ್ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಮೇನ್ ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಆದ್ದರಿಂದ ಯಂತ್ರದ ಹೊರಕವಚವನ್ನು ಕ್ಲಿನಿಕ್ಕಿನವರಾಗಲಿ, ಪರಿಚಯದ ಎಲೆಕ್ಟ್ರಿಷಿಯನ್ ಆಗಲಿ ಬಿಚ್ಚಲೇಬಾರದು. ಅದು ತಯಾರಕರು ಅಧಿಕಾರ ಕೊಟ್ಟ ಎಂಜಿನಿಯರರ ಕೆಲಸ. ಯಂತ್ರ ಸರಿಯಾಯಿತೇ ಎಂದು ನೋಡಲು ಸಹಾಯಕರನ್ನೋ, ರೋಗಿಯ ಸಂಬಂಧಿಕರನ್ನೋ ಕೂರಿಸಿ ಕಿರಣ ಬಿಡುವುದು, ಅಂದರೆ ಎಕ್ಸ್‌ಪೋಷರ್ ಕೊಡುವುದು ಯಾವ ಕಾರಣಕ್ಕೂ ಸಲ್ಲದು. ಯಂತ್ರದೊಂದಿಗೆ ಬಂದಿರುವ ಫ್ಯಾಂಟಮ್ (ರೋಗಿಯ ಬದಲು ಇಡುವ ಪರೀಕ್ಷಾ ವಸ್ತು) ಇರುವುದೇ ಈ ಪರೀಕ್ಷೆಗಾಗಿ.

ಯಾವ ದೋಷವೇ ಇರಲಿ, ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಈ ದೋಷ ಎಲ್ಲ ರೋಗಿಗಳ ಚಿತ್ರದಲ್ಲೂ ಇದೆಯೇ, ಒಬ್ಬರದರಲ್ಲಿ ಮಾತ್ರವೇ? ಪ್ರತಿ ಸಲವೂ ಚಿತ್ರದ ಅದೇ ಜಾಗದಲ್ಲಿ ಬರುತ್ತದೆಯೇ? ಅದೇ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೂ ಹಾಗೆಯೇ ಕಾಣುತ್ತದೆಯೇ? ಒಬ್ಬರಲ್ಲಿ ಮಾತ್ರ ಇದ್ದರೆ ಕಾರಣ ರೋಗಿಯಲ್ಲೋ ಅವರನ್ನು ಕೂರಿಸಿದ ರೀತಿಯಲ್ಲೋ ಇರುತ್ತದೆ. ಎಲ್ಲರಲ್ಲೂ ಒಂದೇ ಜಾಗದಲ್ಲಿದ್ದರೆ ಯಂತ್ರವನ್ನು ನೋಡಬೇಕು. ಬೇರೆ ಕಂಪ್ಯೂಟರಿನಲ್ಲಿ ಚಿತ್ರ ಚೆನ್ನಾಗಿ ಕಂಡರೆ ದೋಷ ಮಾನಿಟರಿನದೋ ಸಾಫ್ಟ್‌ವೇರಿನದೋ ಆಗಿರುತ್ತದೆ. ಯಂತ್ರಕ್ಕೆ ಕೈ ಹಚ್ಚುವ ಅಗತ್ಯವೇ ಇಲ್ಲ.

## ಬಟನ್ ಒತ್ತಿದರೂ ಎಕ್ಸ್‌ಪೋಷರ್ ಆಗುತ್ತಿಲ್ಲ

ಕೆಂಪು ತುರ್ತು-ನಿಲುಗಡೆ ಗುಂಡಿ ಒತ್ತಿದ ಸ್ಥಿತಿಯಲ್ಲೇ ಉಳಿದಿದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿರಿ. ನೆಲ ಒರೆಸುವವರ ಕೈಯೋ, ಗಾಲಿಕುರ್ಚಿಯ ಹಿಡಿಕೆಯೋ ತಾಗಿ ಅದು ಒತ್ತಿಕೊಂಡಿರುವುದುಂಟು. ಹೆಚ್ಚಿನ ಯಂತ್ರಗಳಲ್ಲಿ ಅದನ್ನು ತಿರುಗಿಸಿ ಬಿಡಿಸಬೇಕು. ಆಮೇಲೆ ಕೋಣೆಯ ಬಾಗಿಲು ಪೂರ್ತಿ ಮುಚ್ಚಿದೆಯೇ ನೋಡಿರಿ. ಬಾಗಿಲಿಗೆ ಇಂಟರ್‌ಲಾಕ್ ಇದ್ದರೆ ಅರ್ಧ ಇಂಚು ತೆರೆದಿದ್ದರೂ ಯಂತ್ರ ಕಿರಣ ಬಿಡುವುದಿಲ್ಲ. ಮಳೆಗಾಲದಲ್ಲಿ ಕಟ್ಟಿಗೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸರಿಯಾಗಿ ಕೂರದಿರುವುದು ಧಾರವಾಡದ ಕಡೆ ಹೊಸದೇನಲ್ಲ. ಇಂಟರ್‌ಲಾಕ್ ತೊಂದರೆ ಕೊಡುತ್ತಿದೆ ಎಂದು ಅದರ ಎರಡು ತಂತಿಗಳನ್ನು ಸೇರಿಸಿ ‘ಬೈಪಾಸ್’ ಮಾಡುವುದು ಮಾತ್ರ ಅಕ್ಷಮ್ಯ. ಎಕ್ಸ್‌ಪೋಷರ್ ನಡೆಯುವಾಗ ಒಳಗೆ ಕಾಲಿಡುವವರಿಗೆ ಇರುವ ಕಾವಲು ಅದೊಂದೇ.

ಇವೆರಡೂ ಸರಿ ಇದ್ದರೆ, ಕಂಪ್ಯೂಟರಿನಲ್ಲಿ ರೋಗಿಯ ಹೆಸರು ಆಯ್ಕೆಯಾಗಿ ‘ಸಿದ್ಧ’ ಎಂಬ ಸೂಚನೆ ಬಂದಿದೆಯೇ ಎಂದು ನೋಡಿರಿ. ಒಂದರ ಹಿಂದೆ ಒಂದು ಸ್ಕ್ಯಾನ್ ತೆಗೆದಿದ್ದರೆ ಟ್ಯೂಬು ತಣಿಯುವವರೆಗೆ ಯಂತ್ರ ತಾನಾಗಿಯೇ ತಡೆದು ನಿಲ್ಲಿಸುತ್ತದೆ. ಗದಗ-ಬೆಟಗೇರಿಯ ಏಪ್ರಿಲ್ ಬಿಸಿಲಿನಲ್ಲಿ ಎಸಿ ಕೆಟ್ಟ ಕೋಣೆಯಲ್ಲಿ ಈ ಕಾಯುವ ಹೊತ್ತು ಇನ್ನೂ ಉದ್ದವಾಗುತ್ತದೆ. ಅದು ದೋಷವಲ್ಲ, ಟ್ಯೂಬನ್ನು ಕಾಪಾಡುವ ವ್ಯವಸ್ಥೆ.

ಇದಕ್ಕೆ ತದ್ವಿರುದ್ಧವಾದ ಲಕ್ಷಣ, ಅಂದರೆ ಬಟನ್ ಬಿಟ್ಟ ಮೇಲೂ ಕಿರಣದ ದೀಪ ಆರದೆ ಸದ್ದು ಮುಂದುವರಿಯುವುದು, ತೀರ ಅಪಾಯದ್ದು. ಕೂಡಲೇ ತುರ್ತು-ನಿಲುಗಡೆ ಗುಂಡಿ ಒತ್ತಿ, ಗೋಡೆಯ ಮೇನ್ ಆರಿಸಿ, ರೋಗಿಯನ್ನು ಹೊರಗೆ ಕರೆತಂದು, ಯಂತ್ರದ ಮೇಲೆ ‘ಬಳಸಬಾರದು’ ಎಂದು ಚೀಟಿ ಅಂಟಿಸಬೇಕು. ಎಂಜಿನಿಯರರು ಬಂದು ನೋಡುವವರೆಗೆ ಮತ್ತೆ ಆನ್ ಮಾಡಿ ಪರೀಕ್ಷಿಸುವ ಸಾಹಸ ಬೇಡ.

## ಸ್ಕ್ಯಾನ್ ಅರ್ಧಕ್ಕೆ ನಿಂತುಹೋಗುತ್ತದೆ

ಸಿಬಿಸಿಟಿಯ ಬಟನ್ನನ್ನು ಸ್ಕ್ಯಾನ್ ಮುಗಿಯುವವರೆಗೂ ಒತ್ತಿ ಹಿಡಿದಿರಬೇಕು. ಬೆರಳು ಸಡಿಲವಾದ ಕ್ಷಣಕ್ಕೆ ಕಿರಣ ನಿಲ್ಲುತ್ತದೆ. ಹೊಸದಾಗಿ ಸೇರಿದ ಸಹಾಯಕರ ಕೈಯಲ್ಲಿ ಮಾತ್ರ ಹೀಗಾಗುತ್ತಿದ್ದರೆ ಕಾರಣ ಅಲ್ಲಿಯೇ ಇದೆ. ರೋಗಿಯ ಭುಜಕ್ಕೆ ತಿರುಗುವ ತೋಳು ತಾಗಿ ಯಂತ್ರ ನಿಂತಿತೇ ಎಂಬುದನ್ನೂ ಗಮನಿಸಬೇಕು. ಅಗಲ ಭುಜದವರಿಗೆ, ಬೆನ್ನು ಬಾಗಿದ ವೃದ್ಧರಿಗೆ ಹೀಗಾಗುವುದು ಹೆಚ್ಚು. ಅನೇಕ ಯಂತ್ರಗಳಲ್ಲಿ ಕಿರಣವಿಲ್ಲದೆ ತೋಳನ್ನು ಒಂದು ಸುತ್ತು ತಿರುಗಿಸಿ ನೋಡುವ ಸೌಲಭ್ಯವಿರುತ್ತದೆ. ಅನುಮಾನವಿದ್ದಾಗ ಮೊದಲು ಅದನ್ನೇ ಬಳಸಿರಿ.

ಇವೆರಡೂ ಅಲ್ಲವಾದರೆ ವಿದ್ಯುತ್ತಿನ ಕಡೆ ತಿರುಗಬೇಕು, ಮತ್ತು ನಮ್ಮ ಭಾಗದಲ್ಲಿ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ಯಂತ್ರ ಸುಮ್ಮನೆ ನಿಂತಿದ್ದಾಗ ವೋಲ್ಟೇಜ್ 230ರ ಹತ್ತಿರವೇ ಇದ್ದು, ಎಕ್ಸ್‌ಪೋಷರ್ ಆರಂಭವಾದ ಕೂಡಲೇ ಕುಸಿಯುವುದುಂಟು. ಕಿರಣ ಹೊಮ್ಮುವ ಆ ಕೆಲವು ಸೆಕೆಂಡುಗಳಲ್ಲಿ ಯಂತ್ರ ಎಳೆಯುವ ಕರೆಂಟು ಉಳಿದ ಹೊತ್ತಿನದಕ್ಕಿಂತ ಬಹಳ ಹೆಚ್ಚು. ಮನೆಯ ಮಟ್ಟದ ತೆಳು ತಂತಿಯಲ್ಲಿ, ಕಂಪ್ರೆಸರ್ ಮತ್ತು ಎಸಿ ಇರುವ ಅದೇ ಲೈನಿನಲ್ಲಿ ಯಂತ್ರವನ್ನು ಸೇರಿಸಿದ್ದರೆ ವೋಲ್ಟೇಜ್ ಕುಸಿದು ಯಂತ್ರ ತಪ್ಪು ಸಂಕೇತ (ಎರರ್ ಕೋಡ್) ತೋರಿಸಿ ನಿಲ್ಲುತ್ತದೆ. ಪರೀಕ್ಷೆ ಸರಳ: ಎಸಿ, ಕಂಪ್ರೆಸರ್, ಆಟೋಕ್ಲೇವ್ (ಉಪಕರಣಗಳನ್ನು ಹಬೆಯಿಂದ ಶುದ್ಧಗೊಳಿಸುವ ಯಂತ್ರ) ಮೂರನ್ನೂ ಆರಿಸಿ, ಫ್ಯಾಂಟಮ್ ಇಟ್ಟು, ಎಲ್ಲರೂ ಕೋಣೆಯ ಹೊರಗಿದ್ದು ಒಂದು ಸ್ಕ್ಯಾನ್ ನಡೆಸಿರಿ. ಪೂರ್ತಿಯಾದರೆ ಯಂತ್ರಕ್ಕೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಎಳೆಸಬೇಕು. ಸಾಯಂಕಾಲದ ಹೊತ್ತು ಮಾತ್ರ ಹೀಗಾಗುತ್ತಿದ್ದರೆ ಇಡೀ ಓಣಿಯ ವೋಲ್ಟೇಜೇ ಬೀಳುತ್ತಿರಬಹುದು. ದಿನದ ಬೇರೆ ಬೇರೆ ಹೊತ್ತಿನ ರೀಡಿಂಗ್ ಬರೆದಿಟ್ಟುಕೊಂಡು ಹೆಸ್ಕಾಂ ಶಾಖಾ ಕಚೇರಿಗೆ ದೂರು ಕೊಟ್ಟರೆ ಆ ದೂರಿಗೆ ತೂಕ ಬರುತ್ತದೆ. ಮನೆಯಲ್ಲಿ ಫ್ಯಾನು-ದೀಪಕ್ಕೆ ಬಳಸುವ ಇನ್ವರ್ಟರಿಗೆ ಸಿಬಿಸಿಟಿ ಯಂತ್ರವನ್ನು ಎಂದೂ ಸೇರಿಸಬಾರದು. ಕಂಪ್ಯೂಟರಿಗೆ ಮಾತ್ರ ಒಳ್ಳೆಯ ಯುಪಿಎಸ್ ಇರಲೇಬೇಕು.

ಅರ್ಥಿಂಗ್ ಇನ್ನೊಂದು ಸಂಗತಿ. ಹುಬ್ಬಳ್ಳಿ, ನವಲಗುಂದ, ಗದಗ ಸೀಮೆಯ ಎರೆ ಭೂಮಿ ಹಸಿಯಾಗಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ; ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ, ಕುಗ್ಗಿ, ಬಿರಿಯುತ್ತದೆ. ಆಗ ಮಣ್ಣಿಗೂ ಅರ್ಥಿಂಗ್ ಕೊಳವೆಗೂ ನಡುವೆ ಸಂದು ಬಿದ್ದು ಅರ್ಥಿಂಗ್ ದುರ್ಬಲವಾಗುತ್ತದೆ. ಮಳೆಗಾಲದಲ್ಲಿ ಅಳೆದು ‘ಸರಿ ಇದೆ’ ಎಂದುಕೊಂಡ ಅರ್ಥಿಂಗ್ ಗುಂಡಿ ಮೇ ತಿಂಗಳಿನಲ್ಲಿ ಸರಿ ಇರುತ್ತದೆಂಬ ಭರವಸೆಯಿಲ್ಲ. ಚಿತ್ರದಲ್ಲಿ ಕಾರಣವಿಲ್ಲದೆ ಅಡ್ಡಗೆರೆಗಳು ಬರುವುದು, ಯಂತ್ರ ಮತ್ತು ಕಂಪ್ಯೂಟರಿನ ಸಂಪರ್ಕ ಆಗಾಗ ಕಡಿಯುವುದು, ಲೋಹದ ಭಾಗ ಮುಟ್ಟಿದಾಗ ಸಣ್ಣಗೆ ಜುಮ್ಮೆನ್ನುವುದು ಇದರ ಲಕ್ಷಣಗಳು. ಜುಮ್ಮೆಂದರೆ ಆ ಕ್ಷಣವೇ ಯಂತ್ರ ಬಂದ್ ಮಾಡಬೇಕು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿರಿ. ಅದು 2-3 ವೋಲ್ಟ್ ಮೀರಿದ್ದರೆ ಅನುಮಾನ ಪಡಲು ಕಾರಣವಿದೆ. ಗುಂಡಿಗೆ ಬೇಸಿಗೆಯಲ್ಲಿ ತಪ್ಪದೆ ನೀರು ಹಾಕುವ ಜವಾಬ್ದಾರಿಯನ್ನು ಕ್ಲಿನಿಕ್ಕಿನಲ್ಲಿ ಒಬ್ಬರಿಗೆ ಒಪ್ಪಿಸಿರಬೇಕು. ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲಿನ ಮಳೆ ಬರುವ ಸೂಚನೆ ಕಂಡರೆ ಸ್ಕ್ಯಾನ್ ಆರಂಭಿಸದೆ ಕಾಯುವುದು ಲೇಸು.

ಅರ್ಧಕ್ಕೆ ನಿಂತ ಸ್ಕ್ಯಾನಿನಲ್ಲೂ ರೋಗಿಗೆ ವಿಕಿರಣ ತಗಲಿರುತ್ತದೆ. ದಿನಾಂಕ, ಸಮಯ, ತಪ್ಪು ಸಂಕೇತದ ಸಂಖ್ಯೆ, ಎಷ್ಟು ಸೆಕೆಂಡಿಗೆ ನಿಂತಿತು ಎಂಬುದನ್ನು ರಿಜಿಸ್ಟರಿನಲ್ಲಿ ಬರೆಯದೆ ಮುಂದಕ್ಕೆ ಹೋಗಬಾರದು.

## ಹಲ್ಲಿನ ಅಂಚು ಎರಡೆರಡಾಗಿ ಕಾಣುತ್ತದೆ

ಕೆಳದವಡೆಯ ಕೆಳಗಿನ ಅಂಚಿನ ಬಿಳಿ ಗೆರೆ ಜೋಡಿಯಾಗಿ ಕಂಡರೆ, ಬೇರುಗಳ ಸುತ್ತ ನೆರಳು ಬಿದ್ದಂತಿದ್ದರೆ, ಹೆಚ್ಚಾಗಿ ರೋಗಿ ಅಲುಗಾಡಿರುತ್ತಾರೆ. ಯಂತ್ರದ ತೋಳು ಒಂದು ಸುತ್ತು ಬರಲು ಸಾಮಾನ್ಯವಾಗಿ 10ರಿಂದ 20 ಸೆಕೆಂಡು, ಕೆಲವದಕ್ಕೆ ಇನ್ನೂ ಹೆಚ್ಚು ಬೇಕು. ವಾಕ್ಸೆಲ್ ಅಳತೆ, ಅಂದರೆ ಚಿತ್ರದ ಅತಿ ಸಣ್ಣ ಘನದ ಬದಿ, 0.1 ಅಥವಾ 0.2 ಮಿಲಿಮೀಟರ್ ಇರುವಾಗ ಉಗುಳು ನುಂಗುವಷ್ಟರ ಚಲನೆಯೂ ಚಿತ್ರದಲ್ಲಿ ಮೂಡುತ್ತದೆ.

ಯಂತ್ರವೇ ಅಲುಗಿರಬಹುದೇ ಎಂಬ ಅನುಮಾನಕ್ಕೆ ಒಂದು ಒಳ್ಳೆಯ ಪರೀಕ್ಷೆಯಿದೆ. ಗದ್ದದ ಆಸರೆಯೋ, ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ತುಂಡೋ ಚಿತ್ರದ ವ್ಯಾಪ್ತಿಯೊಳಗೆ ಬಂದಿದ್ದರೆ ಅದನ್ನು ನೋಡಿರಿ. ಆಸರೆ ಚೂಪಾಗಿದ್ದು ಹಲ್ಲು ಮಾತ್ರ ಜೋಡಿಯಾಗಿದ್ದರೆ ಅಲುಗಿದ್ದು ರೋಗಿ. ಆಸರೆಯೂ ಜೋಡಿಯಾಗಿದ್ದರೆ ತೋಳಿನ ತಿರುಗುವಿಕೆಯಲ್ಲೋ ಜ್ಯಾಮಿತಿಯ ಕ್ಯಾಲಿಬ್ರೇಷನ್ನಿನಲ್ಲೋ (ಅಳತೆ ಸರಿಹೊಂದಿಸುವಿಕೆಯಲ್ಲೋ) ದೋಷವಿದೆ. ಆಗ ಆ ದಿನದ ಮುಂದಿನ ರೋಗಿಗಳನ್ನೂ ತಡೆದು ಎಂಜಿನಿಯರರನ್ನು ಕರೆಯಬೇಕು.

ರೋಗಿ ಅಲುಗದಂತೆ ನೋಡಿಕೊಳ್ಳುವುದು ಹಣ ಖರ್ಚಿಲ್ಲದ ಪರಿಹಾರ. ನಿಲ್ಲಿಸುವುದಕ್ಕಿಂತ ಕೂರಿಸುವುದು ಮೇಲು. ಹಣೆಪಟ್ಟಿ ಮತ್ತು ಗದ್ದದ ಆಸರೆ ಎರಡನ್ನೂ ಬಳಸಬೇಕು. ಬಹಳ ಜನರು ತಿರುಗುವ ತೋಳನ್ನು ಕಣ್ಣಿನಿಂದ ಹಿಂಬಾಲಿಸುತ್ತಾರೆ, ಕಣ್ಣಿನ ಜತೆ ತಲೆಯೂ ತಿರುಗುತ್ತದೆ. ‘ಪೇಶಂಟ್ ಡೋಂಟ್ ಮೂವ್’ ಎನ್ನುವುದಕ್ಕಿಂತ ಅವರ ಮಾತಿನಲ್ಲೇ, ‘ಯಜಮಾನ್ರ, ಕಣ್ಣ ಮುಚ್ಚಿ ಹಂಗ ಕುಂದರ್ರಿ, ಮಷಿನ್ ತಲಿ ಸುತ್ತ ಒಂದ್ ಸುತ್ತ ಬರತೈತಿ, ಅದು ನಿಲ್ಲೂತನಾ ಉಗುಳ ನುಂಗಬ್ಯಾಡ್ರಿ’ ಎಂದು ಮೊದಲೇ ತಿಳಿಸಿ, ಕಿರಣವಿಲ್ಲದ ಒಂದು ಸುತ್ತನ್ನು ತೋರಿಸಿದರೆ ಹಳ್ಳಿಯಿಂದ ಬಂದ ಹಿರಿಯರೂ ನಿಶ್ಚಲವಾಗಿ ಕೂರುತ್ತಾರೆ. ಇಷ್ಟಾದರೂ ನಡುಕದ ಕಾಯಿಲೆ ಇರುವವರ, ತೀರ ಚಿಕ್ಕ ಮಕ್ಕಳ ವಿಷಯದಲ್ಲಿ ಕಡಿಮೆ ಸೆಕೆಂಡಿನ ಸ್ಕ್ಯಾನನ್ನು ಆರಿಸಿಕೊಳ್ಳಬೇಕು, ಇಲ್ಲವೇ ಈ ಪರೀಕ್ಷೆ ನಿಜವಾಗಿಯೂ ಬೇಕೇ ಎಂದು ಕಳುಹಿಸಿದ ವೈದ್ಯರೊಂದಿಗೆ ಮಾತನಾಡಬೇಕು. ಮಗುವನ್ನು ಹಿಡಿಯುವುದು ಅನಿವಾರ್ಯವಾದರೆ ಲೆಡ್ ಏಪ್ರನ್ ತೊಟ್ಟ ತಂದೆಯೋ ತಾಯಿಯೋ ಹಿಡಿಯಲಿ, ಆ ತಾಯಿ ಗರ್ಭಿಣಿಯಾಗಿರಬಾರದು. ದಿನವೂ ಅಲ್ಲೇ ಕೆಲಸ ಮಾಡುವ ಸಿಬ್ಬಂದಿ ಹಿಡಿಯಲೇಬಾರದು.

## ಕಪ್ಪು ಪಟ್ಟಿ, ಬಿಳಿ ಗೆರೆಗಳು

ಲೋಹದ ಕ್ಯಾಪ್, ಅಮಾಲ್ಗಮ್ ತುಂಬಿದ ಹಲ್ಲು, ಇಂಪ್ಲಾಂಟ್ ಇರುವ ಕಡೆ ನಕ್ಷತ್ರದಂತೆ ಚೆಲ್ಲುವ ಬಿಳಿ ಗೆರೆಗಳೂ ಎರಡು ಲೋಹಗಳ ನಡುವೆ ಕಪ್ಪು ಪಟ್ಟಿಯೂ ಕಾಣುವುದು ಯಂತ್ರದ ದೋಷವಲ್ಲ. ಎಕ್ಸ್-ರೇ ಕಿರಣದಲ್ಲಿ ಬೇರೆ ಬೇರೆ ಶಕ್ತಿಯ ಕಣಗಳಿರುತ್ತವೆ. ಲೋಹ ದುರ್ಬಲವಾದವುಗಳನ್ನು ಹೀರಿಕೊಂಡು ಬಲಶಾಲಿಯಾದವುಗಳನ್ನಷ್ಟೇ ಬಿಡುತ್ತದೆ. ಚಿತ್ರ ಕಟ್ಟುವ ಲೆಕ್ಕಾಚಾರ ಇದನ್ನು ಎಣಿಕೆಗೆ ತೆಗೆದುಕೊಳ್ಳದ ಕಾರಣ ಇಲ್ಲದ ಕಪ್ಪು ಇದ್ದಂತೆ ಮೂಡುತ್ತದೆ. ಟೈಟಾನಿಯಂಗಿಂತ ಜಿರ್ಕೋನಿಯಾದ ಸುತ್ತ ಇದು ಹೆಚ್ಚು. ಇನ್ನೊಮ್ಮೆ ತೆಗೆದರೂ ಅದೇ ಗೆರೆ ಅದೇ ಜಾಗದಲ್ಲಿ ಬರುವುದರಿಂದ ಮರು-ಸ್ಕ್ಯಾನ್ ಇಲ್ಲಿ ಶುದ್ಧ ವ್ಯರ್ಥ. ಸಾಫ್ಟ್‌ವೇರಿನಲ್ಲಿ ಲೋಹದ ಗೆರೆ ತಗ್ಗಿಸುವ ಆಯ್ಕೆ ಇದ್ದರೆ ಈಗಿರುವ ದತ್ತಾಂಶದ ಮೇಲೆಯೇ ಪ್ರಯತ್ನಿಸಬಹುದು.

ಇಲ್ಲಿ ನಿಜವಾದ ಅಪಾಯ ಓದುವಿಕೆಯಲ್ಲಿದೆ. ಬೇರುನಾಳದ ಚಿಕಿತ್ಸೆಯಾಗಿ ಗಟಾ-ಪರ್ಚಾ ಎಂಬ ರಬ್ಬರಿನಂಥ ಪದಾರ್ಥ ತುಂಬಿದ ಹಲ್ಲಿನಲ್ಲಿ ಮೂಡುವ ಕಪ್ಪು ಗೆರೆಯನ್ನು ಬೇರಿನ ಬಿರುಕೆಂದು ತಿಳಿದು, ಉಳಿಯಬಹುದಾದ ಹಲ್ಲನ್ನು ಕೀಳುವ ತೀರ್ಮಾನಕ್ಕೆ ಬರುವ ಸಾಧ್ಯತೆ ಇದೆ. ಗೆರೆ ಹಲ್ಲಿನ ಗಡಿ ದಾಟಿ ಪಕ್ಕದ ಮೂಳೆಯವರೆಗೂ ನೇರವಾಗಿ ಹರಿದಿದ್ದರೆ ಅದು ಬಿರುಕಲ್ಲ, ತುಂಬಿದ ಪದಾರ್ಥದ ನೆರಳು. ಅನುಮಾನ ಉಳಿದರೆ ದಂತ ವಿಕಿರಣ ತಜ್ಞರ ಅಭಿಪ್ರಾಯ ಪಡೆಯದೆ ಹಲ್ಲಿಗೆ ಕೈ ಹಚ್ಚಬಾರದು. ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಂತಹ ಬೋಧನಾ ಸಂಸ್ಥೆಗಳಲ್ಲಿ ಇದಕ್ಕೆಂದೇ ವಿಭಾಗವಿರುತ್ತದೆ.

ತಪ್ಪಿಸಬಹುದಾದ ಲೋಹವನ್ನಂತೂ ತಪ್ಪಿಸಲೇಬೇಕು. ಕಿವಿಯ ಬೆಂಡೋಲೆ, ಝುಮಕಿ, ಮೂಗುತಿ, ಕೂದಲಿನ ಪಿನ್ನು, ತೆಗೆಯಬಹುದಾದ ಹಲ್ಲುಸೆಟ್ಟು, ಕನ್ನಡಕ ಇವನ್ನೆಲ್ಲ ಮೊದಲೇ ತೆಗೆಸಬೇಕು. ಹಳೆಯ ತಿರುಪಿನ ಮೂಗುತಿ ಅಲ್ಲಿಯೇ ಬಿಚ್ಚಲು ಬರುವುದಿಲ್ಲ. ಸಮಯ ನಿಗದಿ ಮಾಡುವಾಗ ಫೋನಿನಲ್ಲೇ ತಿಳಿಸಿದರೆ ಮನೆಯಿಂದ ಬಿಚ್ಚಿಸಿಕೊಂಡು ಬರುತ್ತಾರೆ. ತಾಳಿಯನ್ನು ತೆಗೆಯಿರಿ ಎಂದು ಯಾವ ತಾಯಿಗೂ ಒತ್ತಾಯಿಸಬೇಕಿಲ್ಲ. ಹಿಂದೆ ಕುತ್ತಿಗೆಯ ಬುಡಕ್ಕೆ ಸರ ಜಾರಿಸಿ ಮುಂದೆ ಬಟ್ಟೆಯೊಳಗೆ ಇಳಿಬಿಟ್ಟರೆ ಸಾಮಾನ್ಯ ದವಡೆಯ ಸ್ಕ್ಯಾನಿಗೆ ಅದು ಅಡ್ಡ ಬರುವುದಿಲ್ಲ. ಲೆಡ್ ಏಪ್ರನ್‌ನ ಕುತ್ತಿಗೆ ಭಾಗ ಮೇಲಕ್ಕೆ ಸರಿದು ಕಿರಣದ ದಾರಿಗೆ ಬಂದರೆ ಚಿತ್ರದ ಕೆಳಭಾಗ ಇಡಿಯಾಗಿ ಬೆಳ್ಳಗಾಗಿ ಕೆಡುತ್ತದೆಂಬುದೂ ನೆನಪಿರಲಿ.

## ಅಡ್ಡಕೊಯ್ತದ ಚಿತ್ರದಲ್ಲಿ ವರ್ತುಲಗಳು

ಒಂದೇ ಕೇಂದ್ರದ ಸುತ್ತ ಉಂಗುರಗಳು ಎಲ್ಲ ರೋಗಿಗಳ ಚಿತ್ರದಲ್ಲೂ ಒಂದೇ ಕಡೆ ಕಂಡರೆ ಅದು ಡಿಟೆಕ್ಟರಿನ, ಅಂದರೆ ಕಿರಣವನ್ನು ಹಿಡಿಯುವ ಫಲಕದ ಕುರುಹು. ಡಿಟೆಕ್ಟರಿನ ಒಂದು ಬಿಂದು ತಪ್ಪು ಅಳತೆ ಕೊಡುತ್ತಿದ್ದರೆ, ಯಂತ್ರ ಸುತ್ತು ಹಾಕುವಾಗ ಆ ತಪ್ಪು ಉಂಗುರವಾಗಿ ಮೂಡುತ್ತದೆ. ಮೊದಲು ಡಿಟೆಕ್ಟರಿನ ಹೊರಮುಖವನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿರಿ. ಹುಬ್ಬಳ್ಳಿಯ ಧೂಳಿಗೆ, ಬ್ಯಾಡಗಿಯ ಕಡೆ ಸುಗ್ಗಿಯಲ್ಲಿ ಗಾಳಿಯಲ್ಲಿ ತೇಲುವ ಮೆಣಸಿನ ಪುಡಿಗೆ ಕಿಟಕಿ ತೆರೆದಿಟ್ಟ ಕೋಣೆ ತಕ್ಕದ್ದಲ್ಲ. ಬಳಿಕ ಯಂತ್ರವನ್ನು ಆನ್ ಮಾಡಿ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಬೆಚ್ಚಗಾಗಲು ಬಿಟ್ಟು, ಕೋಣೆಯಲ್ಲಿ ಯಾರೂ ಇಲ್ಲದಂತೆ ನೋಡಿಕೊಂಡು, ಕಿರಣದ ದಾರಿಯಲ್ಲಿ ಏನೂ ಇಡದೆ ಮಾಡುವ ಗಾಳಿ-ಕ್ಯಾಲಿಬ್ರೇಷನ್ ನಡೆಸಿರಿ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ತೆಗೆದ ಮೊದಲ ರೋಗಿಯ ಚಿತ್ರದಲ್ಲಿ ಮಾತ್ರ ಉಂಗುರವಿದ್ದರೆ ಡಿಟೆಕ್ಟರ್ ಬೆಚ್ಚಗಾಗುವ ಮೊದಲೇ ಆರಂಭಿಸಿದ್ದೇ ಕಾರಣ. ಕ್ಯಾಲಿಬ್ರೇಷನ್ ಆದ ಮೇಲೂ ಉಂಗುರ ಉಳಿದರೆ ಮುಂದಿನದು ಎಂಜಿನಿಯರರ ಕೆಲಸ.

## ಚಿತ್ರ ಕಾಳುಕಾಳು, ಮಂಕು. ಅಥವಾ ಬೇಕಾದ ಜಾಗವೇ ಇಲ್ಲ

ಕಾಳುಕಾಳಾದ ಚಿತ್ರಕ್ಕೆ ಹೆಚ್ಚಿನ ಸಲ ಕಾರಣ ಆಯ್ಕೆಯಲ್ಲಿರುತ್ತದೆ: ದೊಡ್ಡ ಮೈಕಟ್ಟಿನವರಿಗೆ ಮಕ್ಕಳ ಮಟ್ಟದ ಎಕ್ಸ್‌ಪೋಷರ್, ಅಥವಾ ಅಗತ್ಯವಿಲ್ಲದೆ ಅತಿ ಸಣ್ಣ ವಾಕ್ಸೆಲ್. ವಾಕ್ಸೆಲ್ ಸಣ್ಣದಾದಷ್ಟೂ ಒಂದೊಂದಕ್ಕೆ ಸಿಗುವ ಕಿರಣ ಕಡಿಮೆಯಾಗಿ ಚಿತ್ರ ಒರಟಾಗುತ್ತದೆ. ಒಂದು ಹಲ್ಲಿನ ಬೇರುನಾಳ ನೋಡಲು 5 ಸೆಂಟಿಮೀಟರ್ ಅಗಲ-ಎತ್ತರದ ಸಣ್ಣ ವ್ಯಾಪ್ತಿ ಸಾಕು. ಇಡೀ ತಲೆ ತೆಗೆದರೆ ಚದುರಿದ ಕಿರಣ ಹೆಚ್ಚಿ ಚಿತ್ರ ಮಂಕಾಗುತ್ತದೆ, ವಿಕಿರಣವೂ ಹೆಚ್ಚುತ್ತದೆ, ಮತ್ತು ತೆಗೆದಷ್ಟನ್ನೂ ಪೂರ್ತಿ ಓದಿ ವರದಿ ಮಾಡುವ ಹೊಣೆಯೂ ಬೆನ್ನಿಗೆ ಬೀಳುತ್ತದೆ. ಬೇಕಾದ ಜಾಗವೇ ತಪ್ಪಿದ್ದರೆ, ರೋಗಿಯನ್ನು ಸರಿಯಾಗಿ ಕೂರಿಸಲು ಮುಖದ ಮೇಲೆ ಬೀಳುವ ಲೇಸರ್ ಗೆರೆಗಳ ಹೊಂದಾಣಿಕೆಯನ್ನು ನೋಡಿರಿ. ಸ್ಕ್ಯಾನಿಗೆ ಮುಂಚಿನ ಸಣ್ಣ ಪೂರ್ವಚಿತ್ರದ ಸೌಲಭ್ಯವಿದ್ದರೆ ಅದನ್ನು ಬಳಸಿರಿ.

ಮೂಳೆಯ ಗಟ್ಟಿತನವನ್ನು ಸಂಖ್ಯೆಯಲ್ಲಿ ಓದುವವರಿಗೆ ಒಂದು ಮಾತು. ಸಿಟಿ ಸ್ಕ್ಯಾನರ್ ರೂಪಿಸಿದ್ದಕ್ಕಾಗಿ ಅಲನ್ ಕಾರ್ಮ್ಯಾಕ್ ಅವರೊಂದಿಗೆ 1979ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಹೆಸರಿನ ಮಾನದಲ್ಲಿ ನೀರು 0, ಗಾಳಿ ಮೈನಸ್ 1000. ಆಸ್ಪತ್ರೆಯ ದೊಡ್ಡ ಸಿಟಿಗೆ ಈ ಮಾನ ಹೊಂದುತ್ತದೆ. ದಂತ ಸಿಬಿಸಿಟಿಯ ಬೂದು ಮೌಲ್ಯಗಳು ಯಂತ್ರದಿಂದ ಯಂತ್ರಕ್ಕೆ, ಅದೇ ಯಂತ್ರದಲ್ಲೂ ರೋಗಿಯ ಸ್ಥಾನಕ್ಕೆ ತಕ್ಕಂತೆ ಬದಲಾಗುತ್ತವೆ. ಹಿಂದಿನ ಸ್ಕ್ಯಾನಿಗೂ ಈಗಿನದಕ್ಕೂ ಸಂಖ್ಯೆ ಕೂಡುತ್ತಿಲ್ಲವೆಂದು ಯಂತ್ರವನ್ನು ದೂರುವುದು ಸರಿಯಲ್ಲ, ಆ ಸಂಖ್ಯೆಯನ್ನಷ್ಟೇ ನಂಬಿ ಇಂಪ್ಲಾಂಟ್ ಯೋಜಿಸುವುದೂ ಸರಿಯಲ್ಲ.

## ಸ್ಕ್ಯಾನ್ ಮುಗಿಯಿತು, ಚಿತ್ರ ಬರಲಿಲ್ಲ

ಇಲ್ಲಿ ಗಾಬರಿಯಿಂದ ರೋಗಿಯನ್ನು ಮತ್ತೆ ಕೂರಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ತೋಳು ಪೂರ್ತಿ ಸುತ್ತು ಬಂದಿದ್ದರೆ ಕಚ್ಚಾ ಚಿತ್ರಗಳು ಕಂಪ್ಯೂಟರಿನಲ್ಲೋ ಯಂತ್ರದ ಸ್ಮರಣೆಯಲ್ಲೋ ಉಳಿದಿರುವ ಸಾಧ್ಯತೆ ಇರುತ್ತದೆ. ಕೆಟ್ಟಿರುವುದು ಅವುಗಳಿಂದ ಮೂರು ಆಯಾಮದ ರೂಪ ಕಟ್ಟುವ ಹಂತ. ಯಂತ್ರವನ್ನಾಗಲಿ ಕಂಪ್ಯೂಟರನ್ನಾಗಲಿ ಆರಿಸಬೇಡಿರಿ, ಮತ್ತೊಬ್ಬ ರೋಗಿಯ ಸ್ಕ್ಯಾನನ್ನೂ ಆರಂಭಿಸಬೇಡಿರಿ. ಹಾರ್ಡ್ ಡಿಸ್ಕಿನಲ್ಲಿ ಜಾಗವಿದೆಯೇ ನೋಡಿರಿ. ಒಂದೊಂದು ಸ್ಕ್ಯಾನ್ ನೂರಾರು ಮೆಗಾಬೈಟ್ ಹಿಡಿಯುತ್ತದೆ. ಸಾಫ್ಟ್‌ವೇರಿನಲ್ಲಿ ಮರು-ರಚನೆ ಅಥವಾ ಚಿತ್ರ ಹಿಂಪಡೆಯುವ ಆಯ್ಕೆಯಿದ್ದರೆ ಅದನ್ನು ಒತ್ತಿರಿ. ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ತೊಂದರೆ ಆರಂಭವಾಗಿದ್ದರೆ ನೆಟ್‌ವರ್ಕ್ ಕಾರ್ಡಿನ ಹೊಂದಿಕೆಯೋ, ಫೈರ್‌ವಾಲೋ, ಆಂಟಿವೈರಸ್ಸೋ ಬದಲಾಗಿರುತ್ತದೆ. ಅನೇಕ ಯಂತ್ರಗಳು ದೊಡ್ಡ ಗಾತ್ರದ ದತ್ತಾಂಶ ಪೊಟ್ಟಣಗಳನ್ನು ಕಳುಹಿಸುವುದರಿಂದ ಕಾರ್ಡಿನಲ್ಲಿ ‘ಜಂಬೋ ಫ್ರೇಮ್’ ಎಂಬ ಆಯ್ಕೆ ತೆರೆದಿರಬೇಕಾಗುತ್ತದೆ, ಅಪ್‌ಡೇಟ್ ಅದನ್ನು ಮುಚ್ಚಿಬಿಡುವುದುಂಟು. ಇವನ್ನು ಸೇವಾ ಎಂಜಿನಿಯರರು ದೂರದಿಂದಲೇ ಕಂಪ್ಯೂಟರಿಗೆ ಪ್ರವೇಶಿಸಿ ಸರಿಪಡಿಸಬಲ್ಲರು, ಹುಬ್ಬಳ್ಳಿಗೆ ಬರುವವರೆಗೆ ಕಾಯಬೇಕಿಲ್ಲ.

ಕಳುಹಿಸಿದ ಫೈಲು ಬೇರೆ ಊರಿನ ವೈದ್ಯರಲ್ಲಿ ತೆರೆಯದಿದ್ದರೆ ಹೆಚ್ಚಾಗಿ ಅದು ತಯಾರಕರ ಸ್ವಂತ ನಮೂನೆಯಲ್ಲಿರುತ್ತದೆ. ವೈದ್ಯಕೀಯ ಚಿತ್ರಗಳ ಸಾರ್ವತ್ರಿಕ ನಮೂನೆಯಾದ ಡೈಕಾಮ್‌ನಲ್ಲಿ, ಎಲ್ಲ ಪದರಗಳೂ ಸೇರಿದಂತೆ, ಮತ್ತೆ ಕೊಡಬೇಕು. ವಾಟ್ಸಾಪ್ಪಿನಲ್ಲಿ ಹೋದ ಒಂದೆರಡು ಪರದೆ-ಚಿತ್ರಗಳನ್ನು ನೋಡಿ ಇಂಪ್ಲಾಂಟಿನ ಉದ್ದ ನಿರ್ಧರಿಸುವುದು ಅಪಾಯಕರ.

## ಬಾಯೊಳಗಿನ ಸ್ಕ್ಯಾನರ್: ಚಿತ್ರ ನಡುವೆ ನಿಲ್ಲುತ್ತದೆ, ಕ್ಯಾಪ್ ಕೂರುವುದಿಲ್ಲ

1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಮೊದಲ ರೋಗಿಯ ಮೇಲೆ ಬಳಕೆಗೆ ಬಂದ, ಹಲ್ಲಿನ ಅಚ್ಚು ತೆಗೆಯುವ ಬದಲು ಪುಟ್ಟ ಕ್ಯಾಮೆರಾ ತುದಿಯನ್ನು ಬಾಯೊಳಗೆ ಆಡಿಸಿ ಹಲ್ಲಿನ ಆಕಾರ ಪಡೆಯುವ ಈ ವಿಧಾನದಲ್ಲಿ ಎಕ್ಸ್-ರೇ ಇಲ್ಲ, ಬೆಳಕಷ್ಟೇ ಇದೆ. ಆದ್ದರಿಂದ ಮರು-ಸ್ಕ್ಯಾನಿಗೆ ಹಿಂಜರಿಯಬೇಕಿಲ್ಲ. ಆದರೂ ಮಿನುಗುವ ಬೆಳಕನ್ನು ನೇರವಾಗಿ ನೋಡಬಾರದು, ಮೂರ್ಛೆರೋಗ ಇರುವವರಲ್ಲಿ ತಯಾರಕರ ಎಚ್ಚರಿಕೆಯನ್ನು ಓದಿಯೇ ಬಳಸಬೇಕು.

ಇದರ ಕೆಲಸವನ್ನು ಅರ್ಥ ಮಾಡಿಕೊಂಡರೆ ದೋಷಗಳು ತಾವಾಗಿಯೇ ತಿಳಿಯುತ್ತವೆ. ನಮ್ಮ ಅಜ್ಜಿಯರು ಕೌದಿ ಹೊಲಿಯುವಾಗ ಒಂದು ತುಂಡಿನ ಅಂಚಿಗೆ ಇನ್ನೊಂದನ್ನು ಇಟ್ಟು ಹೊಲಿದಂತೆ, ಸ್ಕ್ಯಾನರ್ ಸಣ್ಣ ಸಣ್ಣ ಚಿತ್ರಗಳನ್ನು ಒಂದರ ಅಂಚಿಗೆ ಒಂದು ಜೋಡಿಸುತ್ತ ಹೋಗುತ್ತದೆ. ನಡುವಿನ ಒಂದು ತುಂಡು ಓರೆಯಾದರೆ ಅದರ ಮುಂದಿನವೆಲ್ಲ ಓರೆಯಾಗುತ್ತವೆ. ಒಂದು ಹಲ್ಲಿನ ಕ್ಯಾಪ್ ಚೆನ್ನಾಗಿ ಕೂತು ಇಡೀ ದವಡೆಯ ಉದ್ದನೆಯ ಸೇತುವೆ (ಜೋಡಿಸಿದ ಕ್ಯಾಪುಗಳ ಬ್ರಿಜ್) ಮಾತ್ರ ಕೂರದಿರುವುದಕ್ಕೆ ಕಾರಣ ಈ ಕೂಡುತ್ತ ಹೋಗುವ ತಪ್ಪು.

ಸ್ಕ್ಯಾನ್ ಆಗಾಗ ಜಾಡು ತಪ್ಪಿ ನಿಲ್ಲುತ್ತಿದ್ದರೆ ಮೊದಲು ಹಲ್ಲನ್ನು ಒಣಗಿಸಿ, ಉಗುಳು ಹೀರಿಸಿ, ಕುರ್ಚಿಯ ಮೇಲಿನ ದೊಡ್ಡ ದೀಪವನ್ನು ಆಚೆ ತಿರುಗಿಸಿರಿ. ಧಾರವಾಡದ ಆಷಾಢ-ಶ್ರಾವಣದ ತಂಪಿನಲ್ಲಿ ತಣ್ಣಗಿನ ತುದಿ ಬಾಯಿಯೊಳಗೆ ಹೋದ ಕೂಡಲೇ ಕನ್ನಡಿಗೆ ಹಬೆ ಕೂರುತ್ತದೆ. ತುದಿ ಬೆಚ್ಚಗಾಗುವ ಸೂಚನೆ ಬರುವವರೆಗೆ ಕಾಯಬೇಕು. ಆಮೇಲೆ ತುದಿಯ ಕನ್ನಡಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಆಟೋಕ್ಲೇವ್ ಆಗುತ್ತ ಆಗುತ್ತ ಅದು ಮಸುಕಾಗುತ್ತದೆ, ಒಂದು ತುದಿಗೆ ಇಂತಿಷ್ಟೇ ಸಲ ಎಂದು ತಯಾರಕರು ಮಿತಿ ಹೇಳಿರುತ್ತಾರೆ. ಬೇರೆ ತುದಿ ಹಾಕಿದಾಗ ಸರಿಯಾದರೆ ಸ್ಕ್ಯಾನರಿಗೆ ಏನೂ ಆಗಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿದ್ದರೆ ವೇಗ ತಗ್ಗಿಯೂ ಜಾಡು ತಪ್ಪುತ್ತದೆ. ಚಾರ್ಜರ್ ಹಚ್ಚಿ ನೋಡಿರಿ. ಹಲ್ಲಿಲ್ಲದ ನುಣುಪಾದ ವಸಡಿನ ಮೇಲೆ ಗುರುತುಗಳೇ ಇಲ್ಲದ ಕಾರಣ ಸ್ಕ್ಯಾನರ್ ದಾರಿ ತಪ್ಪುವುದು ಸಹಜ.

ಗುಟ್ಕಾ, ಅಡಿಕೆ ಜಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದವರು ನಮ್ಮ ಕ್ಲಿನಿಕ್ಕುಗಳಿಗೆ ಬರುತ್ತಾರೆ. ತುದಿ ಹಿಂದಿನ ಹಲ್ಲಿನವರೆಗೆ ಹೋಗದಿದ್ದರೆ ಒತ್ತಿ ತುರುಕಬಾರದು. ಸಣ್ಣ ತುದಿ ಇದ್ದರೆ ಅದನ್ನು ಬಳಸಬೇಕು. ಅದೂ ಆಗದಿದ್ದರೆ ಸ್ಕ್ಯಾನನ್ನು ಬಿಟ್ಟು, ಬಾಯಿ ಏಕೆ ತೆರೆಯುತ್ತಿಲ್ಲ ಎಂಬುದರ ತಪಾಸಣೆಗೆ ತಜ್ಞರ ಬಳಿ ಕಳುಹಿಸಬೇಕು. ಬಾಯಿಯ ಒಳಪದರ ಬಿಗಿಯುವ ಈ ರೋಗ ಕ್ಯಾನ್ಸರಿಗೆ ತಿರುಗಬಲ್ಲದು. ಆದ್ದರಿಂದ ಕ್ಯಾಪಿನ ಕೆಲಸಕ್ಕಿಂತ ಆ ತಪಾಸಣೆ ಮುಖ್ಯ.

ಲ್ಯಾಬಿನಿಂದ ಬಂದ ಕ್ಯಾಪ್ ಕೂರದಿದ್ದರೆ, ವಸಡಿನ ಕೆಳಗಿನ ಅಂಚು ಸ್ಕ್ಯಾನಿನಲ್ಲಿ ಸ್ಪಷ್ಟವಾಗಿತ್ತೇ ಎಂದು ಮೊದಲು ಫೈಲು ತೆರೆದು ನೋಡಿರಿ. ಬೆಳಕು ತಲುಪದ ಜಾಗವನ್ನು ಸ್ಕ್ಯಾನರ್ ಕಾಣಲಾರದು, ರಕ್ತ ಮುಚ್ಚಿದ ಅಂಚನ್ನು ಸಾಫ್ಟ್‌ವೇರ್ ಊಹಿಸಿ ತುಂಬಿರುತ್ತದೆ. ವಸಡನ್ನು ದಾರದಿಂದ ಸರಿಸಿ ಮತ್ತೆ ತೆಗೆಯಬೇಕು. ಅಂಚು ಸ್ಪಷ್ಟವಾಗಿದ್ದೂ ಕೂರದಿದ್ದರೆ ಕ್ಯಾಲಿಬ್ರೇಷನ್ ಮಾಡಿ, ಒಂದು ಗಟ್ಟಿ ಪ್ಲಾಸ್ಟರ್ ಮಾದರಿಯನ್ನು ಸ್ಕ್ಯಾನ್ ಮಾಡಿ, ಎರಡು ಬದಿಯ ದವಡೆಹಲ್ಲುಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಪರದೆಯ ಅಳತೆಯೊಂದಿಗೆ ಹೋಲಿಸಿರಿ. ಲ್ಯಾಬಿನವರು ‘ಮಾದರಿ ಸಾಸಿವೆಯಷ್ಟು ಬಂದಿದೆ’ ಎಂದರೆ ಸ್ಕ್ಯಾನರ್ ಕೆಟ್ಟಿಲ್ಲ: ಲ್ಯಾಬಿಗೆ ಹೋಗುವ ಎಸ್‌ಟಿಎಲ್ ಫೈಲಿನಲ್ಲಿ ಅಳತೆಯ ಮಾನ ಇರುವುದಿಲ್ಲ, ಮಿಲಿಮೀಟರ್ ಮತ್ತು ಇಂಚು ಅದಲುಬದಲಾಗಿ 25.4 ಪಟ್ಟು ವ್ಯತ್ಯಾಸ ಬಂದಿರುತ್ತದೆ.

## ಎಂಜಿನಿಯರರಿಗೆ ಫೋನ್ ಮಾಡುವ ಮುನ್ನ

ಸುಟ್ಟ ವಾಸನೆ, ಟ್ಯೂಬಿನ ಕಡೆಯಿಂದ ಎಣ್ಣೆ ಜಿನುಗುವುದು, ಚಟಚಟ ಸದ್ದು, ತೋಳು ತಿರುಗುವಾಗ ಕರಕರ ಎನ್ನುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಪರೀಕ್ಷೆಗಳನ್ನೆಲ್ಲ ಬಿಟ್ಟು ಯಂತ್ರ ಬಂದ್ ಮಾಡಿರಿ. ಒಬ್ಬ ರೋಗಿಗೆ ಕಾರಣ ಖಚಿತವಾಗಿ ಗೊತ್ತಾಗಿ ಅದನ್ನು ಸರಿಪಡಿಸಿದ ಮೇಲೆ ಒಂದು ಮರು-ಸ್ಕ್ಯಾನ್ ಸಮರ್ಥನೀಯ; ಮೂರನೆಯದಕ್ಕೆ ನನ್ನ ದೃಷ್ಟಿಯಲ್ಲಿ ಸಮರ್ಥನೆಯೇ ಇಲ್ಲ.

ಫೋನ್ ಮಾಡುವಾಗ ಯಂತ್ರದ ಮಾದರಿ, ಸೀರಿಯಲ್ ಸಂಖ್ಯೆ, ಪರದೆಯ ಮೇಲಿನ ತಪ್ಪು ಸಂಕೇತದ ಫೋಟೊ, ಆ ಹೊತ್ತಿನ ವೋಲ್ಟೇಜ್, ರೋಗಿಯ ಹೆಸರು ಅಳಿಸಿದ ಕೆಟ್ಟ ಚಿತ್ರ ಮತ್ತು ಫ್ಯಾಂಟಮ್ ಚಿತ್ರ ಇವು ಕೈಯಲ್ಲಿರಲಿ. ಟ್ಯೂಬನ್ನೋ ಡಿಟೆಕ್ಟರನ್ನೋ ಬದಲಿಸಿದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಗುಣಮಟ್ಟ ಪರೀಕ್ಷೆ ಮಾಡಿಸಿ, ಆ ಮಂಡಳಿಯ ಇ-ಲೋರಾ ಜಾಲತಾಣದಲ್ಲಿ ಯಂತ್ರದ ವಿವರ ಸರಿಯಾಗಿದೆಯೇ ನೋಡಿಕೊಂಡು, ಸಿಬ್ಬಂದಿಗೆ ತಗಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜುಗಳು ಚಾಲ್ತಿಯಲ್ಲಿವೆಯೇ ಪರಿಶೀಲಿಸಬೇಕು. ಆ ಪರೀಕ್ಷೆಯ ವರದಿ ಕೈಗೆ ಬರುವವರೆಗೆ, ದೂರದಿಂದ ಬಂದು ಕುಳಿತವರನ್ನೂ ಕಾಯಿಸದೆ, ಪಕ್ಕದ ಇನ್ನೊಂದು ಕೇಂದ್ರಕ್ಕೆ ಚೀಟಿ ಬರೆದು ಕಳುಹಿಸಿಕೊಡಬೇಕು.